ತಡವಾಗಲಿ, ಆದರೆ ಯಾಕೆಂದು ಹೇಳಿ

ಮೊಬೈಲ್ ಆಟದ ಅಪ್‌ಡೇಟ್‌ಗೆ ಕಾದು ಕಾದು ಸಿಟ್ಟಾಗುವ ಹುಡುಗರ ಮಾತನ್ನು ಗೆಟ್ಟವಾಡಿಯ ಕಡೆಯಿಂದ ಕೇಳಿಸಿಕೊಂಡಾಗ

2023ರ ಆಗಸ್ಟ್ 31ರಂದು ಸಿಂಗಪುರದ ಗರೇನಾ ಕಂಪನಿ ಭಾರತದ ಆಟಗಾರರಿಗೆ ಒಂದು ದಿನಾಂಕ ಕೊಟ್ಟಿತು. ಸೆಪ್ಟೆಂಬರ್ 5ಕ್ಕೆ ‘ಫ್ರೀ ಫೈರ್ ಇಂಡಿಯಾ’ ಎಂಬ ಆಟ ಬರುತ್ತದೆ ಎಂದಿತು. ಮಹೇಂದ್ರ ಸಿಂಗ್ ಧೋನಿ ಅದರ ರಾಯಭಾರಿ. ಆಟದೊಳಗೆ ‘ತಲಾ’ ಎಂಬ ಹೆಸರಿನ ಪಾತ್ರವಾಗಿಯೂ ಬರುತ್ತಾರೆ ಎಂಬ ಸುದ್ದಿ ಬಂತು. ಹಳೆಯ ಫ್ರೀ ಫೈರ್ ನಿಷೇಧವಾದಾಗಿನಿಂದ ಒಂದೂವರೆ ವರ್ಷ ಕಾದಿದ್ದವರು ಐದು ದಿನ ಕಾಯಲಾರರೇ? ಬೆರಳು ಮಡಚಿ ದಿನ ಎಣಿಸಿದರು. ಇನ್ನೇನು ನಾಳೆ ಎನ್ನುವಾಗ ಇನ್ನೊಂದು ಪ್ರಕಟಣೆ ಬಂತು. ಆಟವನ್ನು ಇನ್ನಷ್ಟು ತಿದ್ದಬೇಕಿದೆ, ಭಾರತಕ್ಕೆ ಹೊಂದಿಸುವ ಕೆಲಸ ಮುಗಿಯಬೇಕಿದೆ, ಇನ್ನೂ ಕೆಲವು ವಾರ ಮುಂದೂಡಿದ್ದೇವೆ ಎಂಬುದು ಅದರ ಸಾರ.

ಆ ಕೆಲವು ವಾರ ಮುಗಿಯಲೇ ಇಲ್ಲ. 2023 ಹೋಯಿತು, 2024 ಪೂರ್ತಿ ಕಳೆಯಿತು. ಆಟವೂ ಬರಲಿಲ್ಲ, ಹೊಸ ದಿನಾಂಕವೂ ಬರಲಿಲ್ಲ.

ಫ್ರೀ ಫೈರ್ ಹೆಚ್ಚು ಹಬ್ಬಿದ್ದು ಸಣ್ಣ ಊರುಗಳಲ್ಲಿ, ಕಡಿಮೆ ಬೆಲೆಯ ಫೋನ್‌ಗಳಲ್ಲಿ. ಇಂಥದ್ದೇ ಗುಂಡಿನಾಟ ಪಬ್‌ಜಿಯ ಒಂದು ಪಂದ್ಯದಲ್ಲಿ ನೂರು ಜನ, ಸುಮಾರು ಅರ್ಧ ಗಂಟೆ. ಫ್ರೀ ಫೈರ್‌ನಲ್ಲಿ ಐವತ್ತು ಜನ, ಹತ್ತು ಹದಿನೈದು ನಿಮಿಷ. ಹಳೆಯ ಫೋನ್ ಸಾಕು, ನೆಟ್‌ವರ್ಕ್ ಸುಮಾರಾಗಿದ್ದರೂ ನಡೆಯುತ್ತದೆ. ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟದಲ್ಲಿರುವ ಗೆಟ್ಟವಾಡಿಯಂಥ ಊರಿಗೆ ಹೇಳಿ ಮಾಡಿಸಿದ ಆಟ ಅದು. ಅದು ಬಂದ ಬಗೆ, ಹೋದ ಬಗೆ, ಬರುತ್ತೇನೆಂದು ಹೇಳಿ ಬಾರದೆ ಉಳಿದ ಬಗೆಯನ್ನು ಇಂಥ ಊರಿನ ಕಣ್ಣಲ್ಲಿ ನೋಡಿದರೆ, ದೊಡ್ಡವರು ‘ಆಟದ ಹುಚ್ಚು’ ಎಂದು ತಳ್ಳಿಹಾಕುವ ಸಿಟ್ಟಿನೊಳಗೆ ನ್ಯಾಯದ ಪ್ರಶ್ನೆಯೊಂದು ಇರುವುದು ಕಾಣುತ್ತದೆ.

ಬೆಟ್ಟದ ಮೇಲಿನ ಸ್ಕ್ವಾಡ್

1956ರಲ್ಲಿ ಭಾಷಾವಾರು ಪ್ರಾಂತ್ಯಗಳಾದಾಗ ಆವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಸೀಮೆ ಮದ್ರಾಸಿನಲ್ಲೇ ಉಳಿಯಿತು. ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇರುವುದು ಇಲ್ಲೇ. ಮನೆಮಾತು ಕನ್ನಡ, ಕಚೇರಿಯ ಕಾಗದ ತಮಿಳು. ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ಕಡಿದಾದ ತಿರುವು ಇಳಿಯಬೇಕು. ಸಂತೆಗೆ, ಆಸ್ಪತ್ರೆಗೆ, ನೆಂಟರ ಮನೆಗೆ ಚಾಮರಾಜನಗರವೇ ಹತ್ತಿರ.

ಇಂಥ ಊರುಗಳಲ್ಲಿ ಓದು ಮುಗಿಸಿದ ಹುಡುಗರು ಕೆಲಸ ಹುಡುಕಿಕೊಂಡು ಒಬ್ಬ ಬೆಂಗಳೂರಿಗೆ, ಒಬ್ಬ ತಿರುಪ್ಪೂರಿಗೆ, ಇನ್ನೊಬ್ಬ ಮೈಸೂರಿಗೆ ಹೊರಡುತ್ತಾರೆ. ಊರಲ್ಲಿ ಉಳಿದವನು ಹೊಲ ನೋಡಿಕೊಳ್ಳುತ್ತಾನೆ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತ ನಾಲ್ವರು ಮತ್ತೆ ಒಟ್ಟಿಗೆ ಸೇರುವುದು ಹಬ್ಬಕ್ಕೆ, ಇಲ್ಲವೇ ರಾತ್ರಿ ಎಂಟೂವರೆಗೆ ಆಟದ ಲಾಬಿಯಲ್ಲಿ. ಒಂದು ಸ್ಕ್ವಾಡ್‌ಗೆ ನಾಲ್ಕು ಜನ. ಮೈಕ್ ಹಾಕಿಕೊಂಡರೆ ಗುಂಡಿನ ಸದ್ದಿನ ನಡುವೆ ಮನೆಯ ಸುದ್ದಿ, ಹಸುವಿನ ಸುದ್ದಿ, ಸಂಬಳದ ಸುದ್ದಿ ಎಲ್ಲವೂ ಹರಿದಾಡುತ್ತದೆ. ಆದ್ದರಿಂದ ಆಟ ನಿಂತಾಗ ಇವರು ಕಳೆದುಕೊಳ್ಳುವುದು ಮನರಂಜನೆಗಿಂತ ದೊಡ್ಡದು. ಕೂಡುವ ಜಾಗವೇ ಇಲ್ಲವಾಗುತ್ತದೆ.

‘ಐಡಿ’ಯ ಮಾತೂ ಹಾಗೆಯೇ. ವರ್ಷಗಟ್ಟಲೆ ಆಡಿ ಬೆಳೆಸಿದ ಖಾತೆಯನ್ನು ಹುಡುಗರು ಕರೆಯುವುದು ಐಡಿ ಎಂದು. ಅದರಲ್ಲಿ ಗೆದ್ದ ರ‍್ಯಾಂಕ್ ಇದೆ, ಹಬ್ಬದ ಈವೆಂಟ್‌ನಲ್ಲಿ ಸಿಕ್ಕ ಉಡುಪಿನ ಬಂಡಲ್ ಇದೆ, ಕೂಲಿ ಹಣದಲ್ಲಿ ಹಾಕಿಸಿದ ಡೈಮಂಡ್ ಎಂಬ ಆಟದ ನಾಣ್ಯ ಇದೆ. ಆಟ ಕಂಪನಿಯದ್ದು, ಅದರಲ್ಲಿ ಹೂಡಿದ ದಿನಗಳು ಇವರವು.

ಒಂದೇ ಜಗಲಿ, ಎರಡು ಫೋನ್

ಅಪ್‌ಡೇಟ್ ದಿನ ಒಂದೇ ಜಗಲಿಯಲ್ಲಿ ಕೂತ ಇಬ್ಬರ ನಡುವೆ ನಡೆಯುವ ಮಾತು ಇದು: “ನಿಂಗ ಬಂತಾ? ನಂಗ ಇನ್ನೂ ಬಂದಿಲ್ಲ ಕನ.” ಒಂದೇ ಕಂಪನಿಯ ಫೋನ್, ಒಂದೇ ಸಿಮ್. ಆದರೂ ಒಬ್ಬನ ಪ್ಲೇಸ್ಟೋರ್‌ನಲ್ಲಿ ಹಸಿರು ಬಟನ್ ಮೇಲೆ ‘ಅಪ್‌ಡೇಟ್’ ಎಂದಿದ್ದರೆ ಇನ್ನೊಬ್ಬನದರಲ್ಲಿ ‘ಓಪನ್’ ಎಂದಷ್ಟೇ ಇರುತ್ತದೆ. ಬಾರದವನು ಮೊದಲು ನೆಟ್‌ವರ್ಕನ್ನು ಬೈಯುತ್ತಾನೆ, ಆಮೇಲೆ ಫೋನನ್ನು, ಕೊನೆಗೆ ಕಂಪನಿಯನ್ನು.

ಇದಕ್ಕೆ ಕಾರಣ ಇದೆ. ಹೊಸ ಆವೃತ್ತಿಯನ್ನು ಎಲ್ಲರಿಗೂ ಒಮ್ಮೆಗೇ ಬಿಡದೆ ಹಂತ ಹಂತವಾಗಿ ಬಿಡುವ ವ್ಯವಸ್ಥೆ ಗೂಗಲ್ ಪ್ಲೇನಲ್ಲಿದೆ. ಶೇಕಡಾ ಇಷ್ಟು ಜನರಿಗೆ ಮೊದಲು ಎಂದು ಕಂಪನಿ ಗೊತ್ತುಮಾಡುತ್ತದೆ. ಆ ಗುಂಪಿಗೆ ಯಾರು ಸೇರುತ್ತಾರೆ ಎಂಬುದು ಚೀಟಿ ಎತ್ತಿದ ಹಾಗೆ. ಆಪಲ್ ಫೋನ್‌ಗಳಲ್ಲಿ ಏಳು ದಿನಗಳ ಏಣಿಯೇ ಇದೆ: ತಾನಾಗಿ ಅಪ್‌ಡೇಟ್ ಆಗುವ ಫೋನ್‌ಗಳಲ್ಲಿ ಮೊದಲ ದಿನ ಶೇ 1, ಆಮೇಲೆ 2, 5, 10, 20, 50, ಏಳನೆಯ ದಿನ 100. ಮೊದಲ ಗುಂಪಿನ ಫೋನ್‌ಗಳಲ್ಲಿ ಆಟ ಕೈಕೊಟ್ಟರೆ ಅಲ್ಲಿಗೇ ತಡೆದು ಸರಿಪಡಿಸಬಹುದು, ಕೋಟಿ ಜನರ ಫೋನ್ ಕೆಡುವುದು ತಪ್ಪುತ್ತದೆ. ಒಳ್ಳೆಯ ಉದ್ದೇಶವೇ. ಆದರೆ ಒಟ್ಟಿಗೆ ಆಡುವ ಆಟದಲ್ಲಿ ಹಳೆಯ ಆವೃತ್ತಿಯವನಿಗೆ ಹೊಸ ಆವೃತ್ತಿಯವನ ಜೊತೆ ಸೇರಲಾಗುವುದಿಲ್ಲ. ನಾಲ್ವರ ಸ್ಕ್ವಾಡ್‌ನಲ್ಲಿ ಇಬ್ಬರಿಗೆ ಬಂದು ಇಬ್ಬರಿಗೆ ಬಾರದಿದ್ದರೆ ಆ ಸಂಜೆ ಹಾಳು.

ಫ್ರೀ ಫೈರ್‌ನದ್ದು ಇನ್ನೊಂದು ಕ್ರಮ. ಸುಮಾರು ಎರಡು ತಿಂಗಳಿಗೊಮ್ಮೆ ‘ಓಬಿ’ ಎಂಬ ಅಕ್ಷರಗಳನ್ನೂ ಒಂದು ಸಂಖ್ಯೆಯನ್ನೂ ಹೊತ್ತ ದೊಡ್ಡ ಅಪ್‌ಡೇಟ್ ಬರುತ್ತದೆ. ಅಂದು ಹಗಲು ಸರ್ವರ್ ಮುಚ್ಚಿರುತ್ತದೆ. ಬೆಳಿಗ್ಗೆಯೇ ಇಳಿಸಿಕೊಂಡರೂ ಆಟ ತೆರೆದರೆ ಸರ್ವರ್ ಶೀಘ್ರದಲ್ಲೇ ಸಿದ್ಧವಾಗುತ್ತದೆ ಎಂಬ ಸಾಲು ಕಾಣಿಸುತ್ತದೆ. ಅದನ್ನು ಮುಚ್ಚಿ, ಮತ್ತೆ ತೆರೆದು, ಮತ್ತೆ ಮುಚ್ಚಿ ಸಂಜೆ ಮಾಡುವುದು ಆ ದಿನದ ಕೆಲಸ.

ಡೇಟಾ ಮತ್ತು ಜಾಗದ ಕಷ್ಟ ಇದರ ಮೇಲೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸಿದವನಿಗೆ ಒಂದು ದೊಡ್ಡ ಅಪ್‌ಡೇಟ್ ಎಂದರೆ ಅವತ್ತಿನ ಡೇಟಾ ಬಹುಪಾಲು ಮುಗಿದಂತೆ. ಆಟ ತೆರೆದ ಮೇಲೆ ಒಳಗೆ ಮತ್ತೆ ಮ್ಯಾಪು, ಸ್ಕಿನ್ನುಗಳ ಫೈಲ್ ಇಳಿಯಬೇಕು. ಶೇ 80ಕ್ಕೆ ಬಂದು ಡೇಟಾ ಖಾಲಿಯಾದರೆ ರಾತ್ರಿ ಹನ್ನೆರಡಕ್ಕೆ ಹೊಸ ದಿನದ ಡೇಟಾ ಬರುವವರೆಗೆ ಕಾಯುವುದು, ಇಲ್ಲವೇ ಪಕ್ಕದವನ ಹಾಟ್‌ಸ್ಪಾಟ್ ಬೇಡುವುದು. 32 ಜಿಬಿಯ ಫೋನ್ ಆದರೆ ಮೊದಲು ವಾಟ್ಸ್‌ಆ್ಯಪ್ ವಿಡಿಯೊ ಅಳಿಸಬೇಕು, ಆಮೇಲೆ ಹಾಡು, ಆಮೇಲೆ ಅಕ್ಕನ ಮದುವೆಯ ಫೋಟೊ. ಇಷ್ಟೆಲ್ಲ ಮಾಡಿಕೊಂಡು ಕೂತವನಿಗೆ ‘ಮುಂದೂಡಲಾಗಿದೆ’ ಎಂಬ ಒಂದು ಸಾಲು ಬಂದರೆ ಸಿಟ್ಟು ಬರದೆ ಇರುತ್ತದೆಯೇ?

ಹೋಗಿ, ಬಂದು, ಮತ್ತೆ ಹೋಗಿದ್ದು

ಭಾರತದ ಆಟಗಾರನ ಅಪನಂಬಿಕೆಗೆ ಇತಿಹಾಸವಿದೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಂ ಅಡಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಚೀನಾದೊಂದಿಗಿನ ಗಲ್ವಾನ್ ಸಂಘರ್ಷದ ನಂತರದ ದಿನಗಳವು. ಪಟ್ಟಿಯಲ್ಲಿ ಪಬ್‌ಜಿ ಮೊಬೈಲ್ ಇತ್ತು. ಅಕ್ಟೋಬರ್ 30ಕ್ಕೆ ಸರ್ವರ್ ಪೂರ್ತಿ ನಿಂತಿತು. ನವೆಂಬರ್ 12ರಂದು ‘ಪಬ್‌ಜಿ ಮೊಬೈಲ್ ಇಂಡಿಯಾ’ ಶೀಘ್ರದಲ್ಲಿ ಬರುತ್ತದೆ ಎಂದು ಕೊರಿಯಾದ ಕಂಪನಿ ಘೋಷಿಸಿತು. ‘ಶೀಘ್ರದಲ್ಲಿ’ ಎಂಬ ಆ ಮಾತು ನಿಜವಾಗುವ ಹೊತ್ತಿಗೆ ಏಳು ತಿಂಗಳು ಕಳೆದು ಹೆಸರೂ ಬದಲಾಗಿತ್ತು. 2021ರ ಜುಲೈ 2ರಂದು ಆಂಡ್ರಾಯ್ಡ್‌ಗೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಅಂದರೆ ಬಿಜಿಎಂಐ, ಬಂತು. ಐಫೋನ್‌ನವರು ಆಗಸ್ಟ್ 18ರವರೆಗೆ ಕಾಯಬೇಕಾಯಿತು.

ಆದರೂ ಆ ಸಲ ಕಾದವರು ಖುಷಿಪಟ್ಟರು. ಮೊದಲ ಎರಡು ವಾರದಲ್ಲೇ ಎರಡು ಕೋಟಿ ಮುಂಗಡ ನೋಂದಣಿ ಆಗಿತ್ತು. ಹಳೆಯ ಪಬ್‌ಜಿ ಐಡಿಯಲ್ಲಿದ್ದ ಬಟ್ಟೆ, ಬಂದೂಕಿನ ಸ್ಕಿನ್, ಸಾಧನೆಗಳನ್ನು ಹೊಸ ಆಟಕ್ಕೆ ಸಾಗಿಸಿಕೊಳ್ಳಲು 2021ರ ಕೊನೆಯವರೆಗೂ ಬಿಜಿಎಂಐ ತಂದ ಕ್ರಾಫ್ಟನ್ ಕಂಪನಿ ಅವಕಾಶ ಕೊಟ್ಟಿತು. ಹತ್ತು ತಿಂಗಳ ಹಿಂದೆ ಕೈತಪ್ಪಿದ್ದು ಹಾಗೆಯೇ ಮರಳಿ ಸಿಕ್ಕಾಗ ತಡವಾದದ್ದನ್ನು ಬಹುತೇಕರು ಮರೆತರು.

2022ರ ಜುಲೈ 28ರಂದು ಅದೂ ಮಾಯವಾಯಿತು. ಪ್ಲೇಸ್ಟೋರ್‌ನಲ್ಲಿ ಹುಡುಕಿದರೆ ಇಲ್ಲ. ಫೋನ್‌ನಲ್ಲಿ ಮೊದಲೇ ಇದ್ದವರು ಸ್ವಲ್ಪ ಕಾಲ ಆಡಿದರು. ಹೊಸಬರಿಗೆ ದಾರಿ ಮುಚ್ಚಿತ್ತು. 2023ರ ಮೇ 19ರಂದು, ಆಗ ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದ ಕೇಂದ್ರ ಸಚಿವ ರಾಜೀವ್ ಚಂದ್ರಶೇಖರ್ ಮೂರು ತಿಂಗಳ ಪ್ರಾಯೋಗಿಕ ಅನುಮತಿಯ ವಿಷಯ ತಿಳಿಸಿದರು. ಸರ್ವರ್ ಎಲ್ಲಿದೆ, ಬಳಕೆದಾರರ ಮಾಹಿತಿ ಸುರಕ್ಷಿತವೇ, ಚಟ ಹತ್ತಿಸುತ್ತದೆಯೇ ಎಂಬುದನ್ನು ಗಮನಿಸುತ್ತೇವೆ ಎಂದೂ ಹೇಳಿದರು. ಮೇ 29ಕ್ಕೆ ಆಟ ಮರಳಿತು. 18 ವರ್ಷದೊಳಗಿನವರಿಗೆ ದಿನಕ್ಕೆ ಮೂರು ಗಂಟೆ, ಉಳಿದವರಿಗೆ ಆರು ಗಂಟೆ ಎಂಬ ಮಿತಿಯೂ ಜೊತೆಗಿತ್ತು.

ಫ್ರೀ ಫೈರ್ ಹೋದದ್ದು 2022ರ ಫೆಬ್ರವರಿ 14ರ 54 ಆ್ಯಪ್‌ಗಳ ಪಟ್ಟಿಯಲ್ಲಿ. ಸುದ್ದಿ ಕೇಳಿ ಅದರ ಮಾತೃಸಂಸ್ಥೆ ‘ಸೀ’ಯ ಷೇರು ಒಂದೇ ದಿನ ಸುಮಾರು ಶೇ 18ರಷ್ಟು ಕುಸಿಯಿತು. ಹೂಡಿಕೆದಾರರ ನಷ್ಟ ಮರುದಿನ ಪತ್ರಿಕೆಗಳಲ್ಲಿ ಅಚ್ಚಾಯಿತು. ಆಟಗಾರರ ನಷ್ಟವನ್ನು ಯಾರೂ ಲೆಕ್ಕ ಹಾಕಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಬಂದಿದ್ದ ‘ಫ್ರೀ ಫೈರ್ ಮ್ಯಾಕ್ಸ್’ ಪಟ್ಟಿಯಿಂದ ಹೊರಗುಳಿದಿತ್ತು. ಎರಡಕ್ಕೂ ಒಂದೇ ಐಡಿ ಸಾಕಾಗಿದ್ದರಿಂದ ಬಹಳ ಜನ ಅಲ್ಲಿಗೆ ದಾಟಿಕೊಂಡರು. ಆದರೆ ಮ್ಯಾಕ್ಸ್‌ಗೆ ಇನ್ನೂ ಒಳ್ಳೆಯ ಫೋನ್ ಬೇಕು. ಹಳೆಯ ಫೋನ್‌ನವರು ಹಿಂದುಳಿದರು, ‘ಫ್ರೀ ಫೈರ್ ಇಂಡಿಯಾ’ಕ್ಕೆ ಕಾದು ಕೂತರು.

ಬೆಂಗಳೂರಿನ ಆಟಕ್ಕೂ ಇದೇ ಗತಿ

ವಿದೇಶಿ ಕಂಪನಿಗಳದ್ದೇ ಈ ಕಥೆ ಎನ್ನುವಂತಿಲ್ಲ. ಪಬ್‌ಜಿ ನಿಷೇಧವಾದ ಎರಡೇ ದಿನಕ್ಕೆ, 2020ರ ಸೆಪ್ಟೆಂಬರ್ 4ರಂದು, ಬೆಂಗಳೂರಿನ ಎನ್‌ಕೋರ್ ಗೇಮ್ಸ್ ತಯಾರಿಸುತ್ತಿದ್ದ ‘ಫೌಜಿ’ ಆಟವನ್ನು ನಟ ಅಕ್ಷಯ್ ಕುಮಾರ್ ಘೋಷಿಸಿದರು. ನಿವ್ವಳ ಆದಾಯದ ಶೇ 20 ‘ಭಾರತ್ ಕೆ ವೀರ್’ ನಿಧಿಗೆ ಹೋಗುತ್ತದೆ ಎಂದರು. ಅಕ್ಟೋಬರ್ ಎಂದರು, ದಸರೆಗೆ ಟೀಸರ್ ಬಂತು, ನವೆಂಬರ್ ಎಂದರು. ಆಟ ಕೈಗೆ ಸಿಕ್ಕಿದ್ದು 2021ರ ಜನವರಿ 26ಕ್ಕೆ.

ಲಕ್ಷಾಂತರ ಜನ ಮೊದಲ ದಿನವೇ ಇಳಿಸಿಕೊಂಡರು. ಸಿಕ್ಕಿದ್ದು ಗಲ್ವಾನ್ ಕಣಿವೆಯ ಕಥೆಯಲ್ಲಿ ಒಬ್ಬನೇ ಆಡುವ, ಕೈಕೈ ಮಿಲಾಯಿಸುವ ಹೊಡೆದಾಟ. ಬಹುಪಾಲು ಆಟಗಾರರು ಕಾದಿದ್ದದ್ದು ಗೆಳೆಯರೊಂದಿಗೆ ಆಡುವ ಪಬ್‌ಜಿಯಂಥದಕ್ಕೆ. ಪ್ಲೇಸ್ಟೋರ್ ರೇಟಿಂಗ್ ಕೆಲವೇ ದಿನಗಳಲ್ಲಿ 3ರ ಹತ್ತಿರಕ್ಕೆ ಇಳಿಯಿತು. ಪಬ್‌ಜಿ ಅಭಿಮಾನಿಗಳು ಬೇಕೆಂದೇ ಕೊಟ್ಟ ಒಂದೊಂದು ಸ್ಟಾರ್ ಅದರಲ್ಲಿ ಇದ್ದಿರಬಹುದು. ಆದರೂ ಪಾಠ ಸ್ಪಷ್ಟವಿದೆ. ತಡವಾದ ತಿಂಗಳುಗಳಲ್ಲಿ ಆಟಗಾರನ ಮನಸ್ಸಿನಲ್ಲಿ ಆಟ ದಿನದಿನಕ್ಕೂ ದೊಡ್ಡದಾಗುತ್ತ ಹೋಗುತ್ತದೆ. ಯಾವುದು ಇದೆ, ಯಾವುದು ಇನ್ನೂ ಇಲ್ಲ ಎಂದು ಮೊದಲೇ ಬಿಡಿಸಿ ಹೇಳಿದ್ದರೆ ಅದೇ ಆಟವನ್ನು ಅದೇ ಜನ ಇಷ್ಟು ಕಟುವಾಗಿ ಅಳೆಯುತ್ತಿರಲಿಲ್ಲ. ಗೆಳೆಯರೊಂದಿಗೆ ತಂಡ ಕಟ್ಟಿ ಆಡುವ ಭಾಗ ಬಂದದ್ದು ಆಮೇಲೆ. ಅಷ್ಟು ಹೊತ್ತಿಗೆ ಬಿಜಿಎಂಐ ಬಾಗಿಲಲ್ಲಿತ್ತು.

ಅವಸರಕ್ಕೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಜಗತ್ತಿನಲ್ಲಿ ಉದಾಹರಣೆ ಇದೆ. ಪೋಲೆಂಡಿನ ‘ಸೈಬರ್‌ಪಂಕ್ 2077’ 2020ರ ಏಪ್ರಿಲ್‌ನಲ್ಲಿ ಬರಬೇಕಿತ್ತು. ಸೆಪ್ಟೆಂಬರ್, ನವೆಂಬರ್, ಡಿಸೆಂಬರ್ 10 ಎಂದು ಮೂರು ಸಲ ಮುಂದಕ್ಕೆ ಹೋಯಿತು. ಕೊನೆಗೆ ಬಂದಾಗ ಹಳೆಯ ಪ್ಲೇಸ್ಟೇಷನ್‌ಗಳಲ್ಲಿ ಎಷ್ಟು ಕೆಟ್ಟದಾಗಿ ನಡೆಯಿತೆಂದರೆ ಸೋನಿ ಅದನ್ನು ಒಂದೇ ವಾರದಲ್ಲಿ ತನ್ನ ಅಂಗಡಿಯಿಂದ ತೆಗೆದು ಹಣ ವಾಪಸ್ ಕೊಟ್ಟಿತು. ಇನ್ನೊಂದು ಕಡೆ, 2016ರಲ್ಲಿ ‘ನೋ ಮ್ಯಾನ್ಸ್ ಸ್ಕೈ’ ಜೂನ್‌ನಿಂದ ಆಗಸ್ಟ್‌ಗೆ ಹೋದಾಗ ಅದನ್ನು ಕಟ್ಟಿದ ಶಾನ್ ಮರ‍್ರೆಗೆ ಕೊಲೆ ಬೆದರಿಕೆಗಳು ಬಂದವು. ಆಟಗಾರರ ಸಿಟ್ಟು ನ್ಯಾಯವಾದದ್ದು ಎಂದು ಹೇಳುವ ನಾನು ಇದನ್ನು ಒಪ್ಪಲಾರೆ. ಅಪ್‌ಡೇಟ್ ಬಿಡುವವನೂ ರಾತ್ರಿ ನಿದ್ದೆಗೆಟ್ಟು ಕೋಡ್ ಬರೆಯುವ ಕೂಲಿಕಾರನೇ. ಸಮಯ ಬೇಕೆಂದರೆ ಕೊಡಬೇಕು. ಕೊಡುವುದಕ್ಕೆ ಆಟಗಾರ ಸಿದ್ಧನೂ ಇರುತ್ತಾನೆ. ಅವನನ್ನು ಕೆರಳಿಸುವುದು ದಿನಾಂಕ ಕೊಟ್ಟು ಆಮೇಲೆ ಬಾಯಿ ಮುಚ್ಚಿಕೊಳ್ಳುವುದು.

ಮೌನ ಇದ್ದಲ್ಲಿ ಮೋಸ

ಕಂಪನಿ ಸುಮ್ಮನಿದ್ದರೆ ಊರು ಸುಮ್ಮನಿರುವುದಿಲ್ಲ. ‘ಬಂದೇ ಬಿಟ್ಟಿತು, ಲಿಂಕ್ ಕೆಳಗಿದೆ’ ಎಂಬ ವಿಡಿಯೊ ಬರುತ್ತದೆ. ಎಲ್ಲರಿಗಿಂತ ಮೊದಲು ಆಡುವ ಆಸೆಗೆ ಹುಡುಗ ಲಿಂಕ್ ಒತ್ತುತ್ತಾನೆ, ಪ್ಲೇಸ್ಟೋರ್‌ನ ಹೊರಗಿಂದ ಎಪಿಕೆ ಫೈಲ್ ಇಳಿಸುತ್ತಾನೆ, ಅದು ಕೇಳಿದ ಅನುಮತಿಗೆಲ್ಲ ‘ಅಲೋ’ ಒತ್ತುತ್ತಾನೆ. ಸಂದೇಶ ಓದುವ ಅನುಮತಿ ಕೊಟ್ಟರೆ ಬ್ಯಾಂಕಿನ ಓಟಿಪಿಯನ್ನೂ ಅದು ಓದುತ್ತದೆ. ಮನೆಯಲ್ಲಿರುವುದು ಒಂದೇ ಫೋನ್, ಅದರಲ್ಲೇ ಅಪ್ಪನ ಯುಪಿಐ. ಉಚಿತ ಡೈಮಂಡ್ ಕೊಡುತ್ತೇವೆ ಎಂದು ಐಡಿಯ ಪಾಸ್‌ವರ್ಡ್ ಕೇಳುವವರು ಬೇರೆ. ವಿಳಂಬದ ನಿಜವಾದ ಬೆಲೆ ತೆರುವವರು ಇಂಥ ಮನೆಗಳವರು. ಹೊಸ ದಿನಾಂಕ ಗೊತ್ತಿಲ್ಲದಿದ್ದರೂ ‘ಇನ್ನೂ ಬಂದಿಲ್ಲ, ಯಾವ ಲಿಂಕನ್ನೂ ನಂಬಬೇಡಿ’ ಎಂದು ಕಂಪನಿ ವಾರಕ್ಕೊಮ್ಮೆ ಹೇಳಿದರೆ ಎಷ್ಟೋ ಮನೆಗಳ ದುಡ್ಡು ಉಳಿಯುತ್ತದೆ.

ದಿಂಬಂ ರಸ್ತೆ ಹೇಳುವುದು

ತಾಳವಾಡಿಯವರಿಗೆ 2022ರ ಫೆಬ್ರವರಿ ನೆನಪಿರುವುದು ಆಟದ ಕಾರಣಕ್ಕಲ್ಲ, ರಸ್ತೆಯ ಕಾರಣಕ್ಕೆ. ಸತ್ಯಮಂಗಲ ಹುಲಿ ರಕ್ಷಿತಾರಣ್ಯದ ನಡುವೆ ಹಾಯುವ ದಿಂಬಂ ಘಾಟಿಯಲ್ಲಿ ವಾಹನಗಳಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿದ್ದುದರಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ ಫೆಬ್ರವರಿ 10ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ನಾಲ್ಕೇ ದಿನಕ್ಕೆ ಫ್ರೀ ಫೈರ್ ನಿಷೇಧವಾಯಿತು.

ರಸ್ತೆಯ ವಿಷಯದಲ್ಲಿ ಬೆಟ್ಟದ ಜನ ಕೆರಳಿದರು. ತರಕಾರಿ ಸಾಗಿಸುವುದು ಹೇಗೆ, ಹೊತ್ತಲ್ಲದ ಹೊತ್ತಲ್ಲಿ ಆಸ್ಪತ್ರೆಗೆ ಹೋಗುವುದು ಹೇಗೆ ಎಂದು ಬೀದಿಗಿಳಿದರು, ನ್ಯಾಯಾಲಯಕ್ಕೆ ಹೋದರು. ವಾದ ಕೇಳಿದ ಮೇಲೆ ಸ್ಥಳೀಯರಿಗೆ ಒಂದಿಷ್ಟು ವಿನಾಯಿತಿ ಸಿಕ್ಕಿತು. ಎಲ್ಲರಿಗೂ ತೃಪ್ತಿಯಾಗಿರಲಿಕ್ಕಿಲ್ಲ. ಆದರೆ ಯಾಕೆ ಮುಚ್ಚಿದ್ದಾರೆ, ಯಾವ ಹೊತ್ತಿಗೆ ತೆರೆಯುತ್ತದೆ, ಯಾರನ್ನು ಕೇಳಬೇಕು ಎಂಬ ಮೂರು ಪ್ರಶ್ನೆಗೂ ಉತ್ತರ ಇತ್ತು. 

ಫ್ರೀ ಫೈರ್ ಆಡುತ್ತಿದ್ದ ಹದಿನೆಂಟರ ಹುಡುಗನಿಗೆ ಈ ಮೂರರಲ್ಲಿ ಒಂದಕ್ಕೂ ಉತ್ತರ ಸಿಗಲಿಲ್ಲ. ನಿಷೇಧದ ವಿವರವಾದ ಕಾರಣ ಅವನವರೆಗೆ ಬರಲಿಲ್ಲ, ಮರಳುವ ದಿನ ಯಾರೂ ಹೇಳಲಿಲ್ಲ, ದುಡ್ಡು ಕೊಟ್ಟು ಕೊಂಡ ಡೈಮಂಡ್‌ಗೆ ಜವಾಬ್ದಾರರು ಯಾರು ಎಂದು ಕೇಳಲು ಕಚೇರಿಯೂ ಇರಲಿಲ್ಲ. ದೇಶದ ಭದ್ರತೆಯ ವಿಷಯದಲ್ಲಿ ಸರ್ಕಾರಕ್ಕೆ ಎಲ್ಲವನ್ನೂ ಬಿಚ್ಚಿ ಹೇಳಲಾಗದು, ನಿಜ. ಕಂಪನಿಗೆ ಅಂಥ ಕಟ್ಟು ಇರಲಿಲ್ಲ. ಮಕ್ಕಳ ಮೇಲೆ ಪೋಷಕರ ನಿಗಾ, ವಿರಾಮದ ಜ್ಞಾಪನೆ, ಮಾಹಿತಿ ಭಾರತದಲ್ಲೇ ಇಡಲು ಯೋಟಾ ಸಂಸ್ಥೆಯ ಸರ್ವರ್ ಎಂದೆಲ್ಲ 2023ರಲ್ಲಿ ಪಟ್ಟಿ ಕೊಟ್ಟವರು ಅದರಲ್ಲಿ ಯಾವ ಕೆಲಸ ಎಲ್ಲಿಗೆ ಬಂದಿದೆ ಎಂದು ಹೇಳಬಹುದಿತ್ತು.

ಆಗಬೇಕಾದದ್ದು

ಆಟ ಮಾಡುವವರಿಗೆ ಹೇಳುವುದು ಇಷ್ಟು. ಖಾತ್ರಿ ಇಲ್ಲದ ದಿನಾಂಕ ಕೊಡಬೇಡಿ. ಕೊಟ್ಟದ್ದು ತಪ್ಪಿದರೆ ಕಾರಣದ ಜೊತೆಗೆ ಮುಂದಿನ ಮಾತು ಯಾವಾಗ ಆಡುತ್ತೀರಿ ಎಂದಾದರೂ ತಿಳಿಸಿ. ಹಂತ ಹಂತವಾಗಿ ಬಿಡುತ್ತಿದ್ದರೆ ಆಟದ ಪರದೆಯ ಮೇಲೇ ಅದನ್ನು ಬರೆಯಿರಿ, ಕನ್ನಡದಲ್ಲೂ ಬರೆಯಿರಿ. 32 ಜಿಬಿ ಫೋನಿನವನನ್ನು ನೆನಪಿಟ್ಟುಕೊಂಡು ಬೇಡದ ಮ್ಯಾಪು ಬಿಟ್ಟು ಬೇಕಾದ್ದನ್ನಷ್ಟೇ ಇಳಿಸಿಕೊಳ್ಳುವ ದಾರಿ ಇನ್ನೂ ಸುಲಭ ಮಾಡಿ. ಇನ್ನು ಮಿತಿಗಳ ಮಾತು: 2021ರಲ್ಲಿ ಬಿಜಿಎಂಐ 18 ವರ್ಷದೊಳಗಿನವರಿಗೆ ಹಾಕಿದ ಖರ್ಚಿನ ಮಿತಿ ದಿನಕ್ಕೆ 7,000 ರೂಪಾಯಿ. ಹೊಲದ ಕೂಲಿಯಲ್ಲಿ ಬದುಕುವ ಮನೆಗೆ ಅದು ತಿಂಗಳ ದಿನಸಿಯ ದುಡ್ಡು. ಇಂಥ ಮಿತಿ ಹಾಕುವಾಗ ಗೆಟ್ಟವಾಡಿಯಂಥ ಊರಿನ ಅಡುಗೆಮನೆಯ ಲೆಕ್ಕವನ್ನೂ ಕೇಳಬೇಕು.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ಮಗ ಎಷ್ಟು ಹೊತ್ತು ಆಡುತ್ತಾನೆ, ಎಷ್ಟು ಖರ್ಚು ಮಾಡುತ್ತಾನೆ ಎಂದು ಖಂಡಿತ ಕೇಳಿ, ಬೇಕಾದರೆ ತಡೆಯಿರಿ. ಅವನ ಸಿಟ್ಟನ್ನು ಮಾತ್ರ ಗೇಲಿ ಮಾಡಬೇಡಿ. ಯಾರ ಜೊತೆ ಆಡುತ್ತಿದ್ದ ಎಂದು ಕೇಳಿ ನೋಡಿ. ಹುಡುಗರೂ ಅಷ್ಟೇ: ಬೈಗುಳದ ಒಂದು ಸ್ಟಾರ್‌ಗಿಂತ ಯಾವ ಫೋನು, ಯಾವ ಆವೃತ್ತಿ, ಎಲ್ಲಿ ನಿಂತಿತು ಎಂದು ಬರೆದ ನಾಲ್ಕು ಸಾಲಿಗೆ ಬಲ ಹೆಚ್ಚು. ರಿವ್ಯೂನಲ್ಲಿ ಕನ್ನಡದಲ್ಲೇ ಬರೆಯಬಹುದು. ಬರೆದಷ್ಟೂ ಕನ್ನಡದ ಆಟಗಾರರು ಇಷ್ಟು ಜನ ಇದ್ದಾರೆಂದು ಲೆಕ್ಕಕ್ಕೆ ಸಿಗುತ್ತದೆ.

‘ಯಾಕೆ ತಡ? ಯಾವಾಗ ಬರುತ್ತದೆ? ಯಾರು ಹೊಣೆ?’ ಎಂದು ಒಂದು ಆಟದ ಕಂಪನಿಯನ್ನು ಕೇಳಲು ಕಲಿತ ಹುಡುಗ ನಾಳೆ ವಿದ್ಯಾರ್ಥಿವೇತನ ತಡವಾದಾಗ, ಕನ್ನಡ ಪಠ್ಯಪುಸ್ತಕ ಬಾರದಿದ್ದಾಗ, ಕಚೇರಿಯ ಅರ್ಜಿ ಕೊಳೆಯುವಾಗ ಇವೇ ಮೂರು ಪ್ರಶ್ನೆ ಕೇಳಬಲ್ಲ. ಎರಡು ರಾಜ್ಯಗಳ ಅಂಚಿನಲ್ಲಿ ಬದುಕುವ ಊರಿಗೆ ಹಾಗೆ ಕೇಳುವ ಮಕ್ಕಳು ಬೇಕು. ಅವರಿಗೆ ಉತ್ತರ ಕೊಡುವ ಅಭ್ಯಾಸ ಆಟದ ಕಂಪನಿಯಿಂದಲೇ ಶುರುವಾಗಲಿ.